ಎಡಗೈಗೆ ಕೈ ಹಚ್ಚಬ್ಯಾಡ್ರಿ

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೇ ಇಯತ್ತೆ. ಹೊಡೆಯಲು ಎತ್ತಿದ ಮಾಸ್ತರರ ಬೆತ್ತವನ್ನು ಹಿಡಿದು, ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ, ಅವರ ಮೇಜಿನ ಮೇಲೆ ಜೋಡಿಸಿಟ್ಟು ಹೊರಗೆ ಬಂದೆ. ಮರುದಿನ ಯಾರೂ ಕರೆಯಲು ಬರಲಿಲ್ಲ, ನಾನೂ ಹೋಗಲಿಲ್ಲ. ಅದೇ ವರ್ಷ ಸೋದರಮಾವ ಇಂಡಿ ಕಡೆಯ ನಮ್ಮ ಹಳ್ಳಿಯಿಂದ ಪುಣೆಗೆ ಕರೆತಂದ. ನನ್ನ ಕೈ ಎಂಥದು ಅಂತ ಓದುವವರಿಗೆ ಮೊದಲೇ ಗೊತ್ತಿರಲಿ. ಮುಂದೆ ಬರುವುದೆಲ್ಲ ಕೈಯ ಸುದ್ದಿಯೇ.

ಪುಣೆಯ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ನಾನು ಹ್ಯಾಮರ್ ಮೇಲೆ ದುಡಿದವನು. ಭಟ್ಟಿಯಲ್ಲಿ ಹಳದಿಯಾಗುವ ತನಕ ಕಾದ ಕಬ್ಬಿಣದ ತುಂಡನ್ನು ಇಕ್ಕಳದಲ್ಲಿ ಎತ್ತಿ ಅಚ್ಚಿನೊಳಗೆ ಇಡಬೇಕು. ಮೇಲಿಂದ ಹ್ಯಾಮರ್ ಬೀಳುತ್ತದೆ. ತುಂಡು ತಿರುವಬೇಕು. ಮತ್ತೆ ಬೀಳುತ್ತದೆ. ನೀವು ಓಡಿಸುವ ಗಾಡಿಯ ಇಂಜಿನ್ನಿನೊಳಗಿನ ರಾಡು ಹುಟ್ಟುವುದು ಹೀಗೆ. ಇಕ್ಕಳ ಹಿಡಿಯುವವನು ಒಬ್ಬ, ಪೆಡಲ್ ಒತ್ತುವವನು ಇನ್ನೊಬ್ಬ. ಇಕ್ಕಳ ನನ್ನದು, ಪೆಡಲ್ ನನ್ನ ತಮ್ಮ ಸಿದ್ದುನದು. ಅವನ ಕಾಲು ಅರೆಗಳಿಗೆ ಮೊದಲು ಬಿದ್ದರೆ ನನ್ನ ಕೈ ಅಚ್ಚಿನೊಳಗೇ ಉಳಿಯುತ್ತದೆ. ಹತ್ತು ವರ್ಷಕ್ಕೂ ಮೇಲೆ ಆ ಕಾಲಿನ ಕೆಳಗೆ ನನ್ನ ಕೈ ಇತ್ತು. ಬೆರಳು ಹತ್ತಕ್ಕೆ ಹತ್ತೂ ಇವೆ. ಕಾರ್ಖಾನೆಯಲ್ಲಿ ನಮ್ಮಷ್ಟು ಮಾಲು ತೆಗೆದ ಜೋಡಿ ಇರಲಿಲ್ಲ. ಇದನ್ನು ಬೇರೆಯವರು ಹೇಳಬೇಕು, ಆದರೆ ಅವರು ಹೇಳುವುದಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ.

ಕಾಲು ಬಾತುಕೊಂಡಾಗ ನಿಂತು ಕೆಲಸ ಮಾಡಿದ್ದಕ್ಕೆ ಅಂದರು. ವಾಂತಿಯಾದಾಗ ಭಟ್ಟಿಯ ಕಾವಿಗೆ ಅಂದರು. ಒಂದು ದಿನ ಇಕ್ಕಳ ಕೈಯಿಂದ ಜಾರಿ, ಕಾದ ತುಂಡು ಬೂಟಿನ ಪಕ್ಕ ಬಿತ್ತು. ಸಿದ್ದು ಪೆಡಲಿನಿಂದ ಕಾಲು ತೆಗೆದು ನನ್ನ ರಟ್ಟೆ ಹಿಡಿದುಕೊಂಡೇ ದವಾಖಾನೆಗೆ ಒಯ್ದ. ಬಿ.ಪಿ. ಎರಡೂ ಕಿಡ್ನಿಗಳನ್ನು ತಿಂದುಹಾಕಿತ್ತು.

ಡಯಾಲಿಸಿಸ್ ಸುರುವಾಯಿತು. ಎಡಗೈಯ ಮಣಿಕಟ್ಟಿನ ಹತ್ತಿರ ಎರಡು ರಕ್ತನಾಳ ಕೂಡಿಸಿ ಹೊಲಿದರು. ಅಲ್ಲಿ ಬೆರಳಿಟ್ಟರೆ ಒಳಗೆ ಸಣ್ಣ ಮೋಟಾರು ಇಟ್ಟಂತೆ ಗುಂಯ್ ಅನ್ನುತ್ತದೆ. ಸೂಜಿ ಚುಚ್ಚುವುದು, ರಕ್ತ ಮಷಿನ್ನಿಗೆ ಹೋಗುವುದು, ತಿರುಗಿ ಬರುವುದು ಎಲ್ಲ ಅಲ್ಲಿಂದಲೇ. ಆ ಕೈಯಿಂದ ಭಾರ ಎತ್ತಬಾರದು, ಗಡಿಯಾರ ಕಟ್ಟಬಾರದು, ಬಿ.ಪಿ. ನೋಡಿಸಬಾರದು, ಪೆಟ್ಟು ಬೀಳಬಾರದು. ಗುಂಯ್ ನಿಂತರೆ ಆ ದಾರಿ ಮುಚ್ಚಿತು ಅಂತ ಲೆಕ್ಕ. ಇಕ್ಕಳ ಹಿಡಿದ ಕೈಯನ್ನು ಕೂಸಿನಂತೆ ಸಾಕುವ ಹೊತ್ತು ಬಂತು.

ಸಿದ್ದು ಒಂದು ದಿನ ಊಟ ಮಾಡುತ್ತಲೇ ಹೇಳಿದ: "ನನ್ನದ ಒಂದ ತಗೋ."

"ಏನ?"

"ಕಿಡ್ನಿ. ಎರಡ ಅದಾವಲ್ಲ. ಒಂದು ಸುಮ್ನ ಕುಂತಿರತದಂತ, ಈಗ ನೀ ಕುಂತಂಗ."

ಸಿದ್ದುನ ಹೆಂಡತಿ ಗೌರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಪುಣೆಯ ನಿಗಡಿಯಲ್ಲಿ ಬಾಡಿಗೆಗೆ ಇದ್ದ ನಾವು ಒಂದೇ ಅಡುಗೆಮನೆಯ ಎರಡು ಸಂಸಾರ. ಹಾಗಾಗಿ ಒಬ್ಬರ ಮಾತು ನಾಲ್ವರ ಕಿವಿಗೂ ಬೀಳುತ್ತದೆ.

ರಕ್ತ ಹೊಂದಿತು. ಎಲ್ಲ ಪರೀಕ್ಷೆ ಮುಗಿಯುತ್ತ ಬಂದವು. ಕೊನೆಯ ಸುತ್ತಿನ ರಿಪೋರ್ಟು ನೋಡಿ ಕಿಡ್ನಿ ಡಾಕ್ಟರ್ ಮೇಡಮ್ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಕೆಟ್ಟ ಸುದ್ದಿ ಅಂತ ಹೊರಗಿನ ಬೆಂಚಿನವರೆಲ್ಲರಿಗೂ ಗೊತ್ತಿತ್ತು. ರಕ್ತದಲ್ಲಿ ಹೆಪಟೈಟಿಸ್ ಸಿ ಇದೆ, ಆಪರೇಷನ್ ಈಗ ಬೇಡ ಅಂದರು. ಹೊಸ ಕಿಡ್ನಿಯನ್ನು ದೇಹ ಒದ್ದು ಹೊರಹಾಕಬಾರದು ಅಂತ ಮೈಯ ಕಾವಲು ಇಳಿಸುವ ಮಾತ್ರೆ ಕೊಡುತ್ತಾರಂತೆ. ಕಾವಲು ಇಳಿದಾಗ ಈ ವೈರಸ್ ಲಿವರಿನ ಮೇಲೂ ಕಿಡ್ನಿಯ ಮೇಲೂ ಏರಿ ಬರಬಾರದು. ಕೆಲವರಿಗೆ ಮೊದಲು ಕಸಿ ಮಾಡಿ ಆಮೇಲೆ ಔಷಧ ಕೊಡುತ್ತಾರೆ. ನಿಮಗೆ ಕೊಡುವ ತಮ್ಮ ಮನೆಯಲ್ಲೇ ಇದ್ದಾನೆ, ಕಾಯಬಹುದು, ಮೊದಲು ಇದನ್ನು ತೆಗೆಯೋಣ, ಮೂರು ತಿಂಗಳ ಮಾತ್ರೆ, ಗುಣವಾಗುತ್ತದೆ ಅಂದರು.

ಅವರು ಇಷ್ಟೆಲ್ಲ ಹೇಳಿದ್ದು ಆಮೇಲೆ ಹೆಂಡತಿ ಸುವರ್ಣಾಳ ಬಾಯಿಂದ ಗೊತ್ತಾಯಿತು. ನನ್ನ ಕಿವಿಗೆ ಬಿದ್ದದ್ದು "ಈಗ ಬೇಡ" ಅನ್ನುವುದೊಂದೇ.

ಅಲ್ಲಿಂದ ನೆಟ್ಟಗೆ ನಾನು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಸಣ್ಣ ಸೆಂಟರಿಗೆ ಹೋದೆ. ಸುವರ್ಣಾ ರಿಕ್ಷಾದಲ್ಲಿ ಹಿಂದೆ ಬಂದಳು. ಟೆಕ್ನಿಷಿಯನ್‌ನ ಕಾಲರ್ ಹಿಡಿದು ಗೋಡೆಗೆ ಒತ್ತಿ ಎತ್ತಿದೆ. ಬಲಗೈ ಒಂದೇ ಸಾಕಾಯಿತು. ಅವನ ಚಪ್ಪಲಿ ಕೆಳಗೆ ಬಿದ್ದವು. "ಎಲ್ಲಿಂದ ಬಂತು?" ಅಂತ ಕೇಳಿದೆ. ಅವನಿಗೆ ಉಸಿರು ಇರಲಿಲ್ಲ, ಉತ್ತರ ಎಲ್ಲಿಂದ ಬರಬೇಕು. ಗದ್ದಲವಿದ್ದಾಗ ಅಲ್ಲಿಯವರು ಒಂದೇ ಗ್ಲೌಸಿನಲ್ಲಿ ಇಬ್ಬರನ್ನು ಮುಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಸಲೈನ್ ಸ್ಟ್ಯಾಂಡ್ ಎತ್ತಿ ಗಾಜಿನ ಗೋಡೆಗೆ ಎಸೆದೆ. ಗಾಜು ಒಡೆದ ಸದ್ದು ಕೇಳಿ ಮನಸ್ಸಿಗೆ ಹಿತವಾಯಿತು. ಇನ್ನೊಂದು ಎಸೆಯಲು ಹುಡುಕುವಷ್ಟರಲ್ಲಿ ಗಾರ್ಡುಗಳು ಬಂದರು.

ಮೂವರು ಸೇರಿ ನನ್ನನ್ನು ಎಳೆದುಕೊಂಡು ಹೋಗಿ ಗೇಟಿಗೆ ಅಪ್ಪಳಿಸಿದರು. ಹುಬ್ಬು ಒಡೆದು ರಕ್ತ ಬಂತು. ಒಳಗಿನಿಂದ ಯಾರೋ ಕೂಗಿದರು: "ಅರೆ, ತೋ ಸಿ ಪಾಸಿಟಿವ್ ಆಹೆ." ಅವನಿಗೆ ಸಿ ಇದೆ ಅಂತ. ಮೂವರೂ ಒಮ್ಮೆಲೆ ಕೈ ಬಿಟ್ಟು ಹಿಂದೆ ಸರಿದರು. ಒಬ್ಬ ತನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹೊಡೆದಾಗ ಆಗದ ನೋವು ಆಗ ಆಯಿತು. ನಾನು ತೋಳಿನಿಂದ ರಕ್ತ ಒರೆಸಿಕೊಂಡೆ. ಸುವರ್ಣಾ ಸೆರಗು ಹಿಡಿದು ಬಂದಳು. ಅವಳನ್ನೂ ಹತ್ತಿರ ಬಿಡಲಿಲ್ಲ.

ಆ ಸೆಂಟರಿನಿಂದಲೇ ಬಂತೋ, ಹಿಂದೆ ಯಾವಾಗಲೋ ಬಂದಿತ್ತೋ, ಹೇಳಲಾಗುವುದಿಲ್ಲ ಅಂತ ಮೇಡಮ್ ಆಮೇಲೆ ಅಂದರು. ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರ ಮೇಲೆ ಸಿಟ್ಟು ಮಾಡಿಕೊಂಡು ಬದುಕುವುದು, ಖಾಲಿ ಅಚ್ಚಿನ ಮೇಲೆ ಹ್ಯಾಮರ್ ಹೊಡೆದಂತೆ. ಅಚ್ಚು ಸೀಳುತ್ತದೆ, ಮಾಲು ಬರುವುದಿಲ್ಲ.

ಮುಂದೆ ಡಯಾಲಿಸಿಸ್ಸಿಗೆ ಮೇಡಮ್ ಇದ್ದ ದೊಡ್ಡ ಆಸ್ಪತ್ರೆಗೇ ಹೋದೆ. ಸಿ ಇದ್ದವರಿಗೆ ಅಲ್ಲಿ ಬೇರೆ ಕೋಣೆ, ಬೇರೆ ಮಷಿನ್ನು. ಕಾರಿಡಾರಿನ ತುದಿಗೆ, ಕಸದ ಡಬ್ಬಿಗಳ ಆಚೆ. ಅಲ್ಲಿ ಮೊದಲೇ ಒಬ್ಬರು ಮಲಗಿದ್ದರು, ಜಾಧವ ಕಾಕಾ, ಸಿಟಿ ಬಸ್ಸಿನ ನಿವೃತ್ತ ಕಂಡಕ್ಟರು. ನನ್ನ ಹುಬ್ಬಿನ ಪಟ್ಟಿ ನೋಡಿ, "ಯಾ ಪೈಲ್ವಾನ, ಮಾಗಚಂ ಸೀಟ ರಿಕಾಮಂ ಆಹೆ" ಅಂದರು. ಬಾ ಪೈಲ್ವಾನ, ಹಿಂದಿನ ಸೀಟು ಖಾಲಿ ಇದೆ ಅಂತ. ನಾನು ಗೋಡೆಯ ಕಡೆ ಮುಖ ತಿರುವಿದೆ. ಅವರು ಬಿಡಲಿಲ್ಲ. ಹಿಂದಿನ ಸೀಟಿನವರಿಗೆ ಕುಲುಕು ಜಾಸ್ತಿ, ಆದರೆ ಬಸ್ಸು ಎಲ್ಲರನ್ನೂ ಒಂದೇ ನಿಲ್ದಾಣಕ್ಕೆ ಒಯ್ಯುತ್ತದೆ ಅಂದರು. ಆ ಕೋಣೆಯ ಸಿಸ್ಟರ್ ಪ್ರತಿ ಸಲ ಹೊಸ ಗ್ಲೌಸ್ ಹಾಕಿಕೊಂಡು, ನನ್ನನ್ನು ಮುಟ್ಟುವ ಮೊದಲು ಎರಡೂ ಕೈ ಎತ್ತಿ ತೋರಿಸುತ್ತಿದ್ದಳು. "ಬಘಾ ದಾದಾ, ನವೀನ ಆಹೇತ." ನೋಡ್ರಿ ಅಣ್ಣಾ, ಹೊಸವು ಅಂತ. ನಾನು ಕೇಳಿರಲಿಲ್ಲ. ಗಾಜು ಒಡೆದ ಸುದ್ದಿ ಅವಳಿಗೆ ತಲುಪಿತ್ತೇನೋ. ಆದರೆ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಆ ಕೈಗಳನ್ನು ನೋಡಿದ ಮೇಲೆ ನಾನು ಆ ಮಂಚದ ಮೇಲೆ ಕಣ್ಣು ಮುಚ್ಚಲು ಕಲಿತೆ.

ಮನೆಯಲ್ಲಿ ಬೇರೆ ಕಥೆ ನಡೆದಿತ್ತು. ಕೂಡಿ ಉಂಡರೆ, ಮುಟ್ಟಿದರೆ ಇದು ಅಂಟುವುದಿಲ್ಲ, ರೇಜರು, ಹಲ್ಲಿನ ಬ್ರಷ್, ಉಗುರು ಕತ್ತರಿ ಬೇರೆ ಇದ್ದರೆ ಸಾಕು ಅಂತ ಮೇಡಮ್ ಸುವರ್ಣಾಗೂ ಗೌರಿಗೂ ಕೂಡಿಸಿ ಹೇಳಿದ್ದರು. ಗೌರಿ ಹೂಂ ಅಂದು ಬಂದಳು. ಬಂದು ನನ್ನ ತಾಟಿನ ಹಿಂದೆ ಮೊಳೆಯಿಂದ ಗೀರಿ ಗುರುತು ಮಾಡಿದಳು. ಅದು ನನ್ನ ಕಣ್ಣಿಗೆ ಬಿತ್ತು. ಅನ್ನ, ಸಾರು ಸಹಿತ ತಾಟನ್ನು ಕಿಟಕಿಯಿಂದ ಹೊರಗೆ ಎಸೆದೆ. ಕೆಳಗೆ ಯಾರದೋ ಸ್ಕೂಟರಿಗೆ ಬಡಿದು ಅದರ ಸೈರನ್ ಹೊಡೆದುಕೊಳ್ಳತೊಡಗಿತು.

"ನನಗ ನನ್ನ ಗಂಡನ ಚಿಂತಿ ಅದ ಭಾವಾರ" ಅಂದಳು ಗೌರಿ. ಅವಳ ದನಿ ನಡುಗಲಿಲ್ಲ. "ಅವರ ಕಿಡ್ನಿ ತಗದು ನಿಮ್ಮ ಕೆಟ್ಟ ರಕ್ತದಾಗ ಹಾಕಿದ್ರ ಅದೂ ಕೆಡತದ. ಆಮ್ಯಾಲ ಇಬ್ಬರನ್ನೂ ಯಾರ ಸಾಕಬೇಕು?"

ಸುವರ್ಣಾ ಕೆಳಗೆ ಹೋಗಿ ತಾಟು ತಂದು ತೊಳೆದಳು. ಅದರಲ್ಲೇ ಬಡಿಸಿಕೊಂಡು ಎಲ್ಲರ ನಡುವೆ ಕುಳಿತು ಉಂಡಳು. ಉಂಡು ಎದ್ದು ತಾನೇ ಮುಸುರೆ ಎತ್ತಿದಳು.

ಲಿವರಿಗೆ ಬರುವ ರೋಗ ಅಂತ ಊರಿಗೆ ಸುದ್ದಿ ಹೋಯಿತು. ನಮ್ಮ ಕಡೆ ಲಿವರ್ ಅಂದರೆ ಕಾಮಣಿ, ಕಣ್ಣು ಹಳದಿಯಾಗುವ ಕಾಮಾಲೆ. ಕಾಮಣಿ ಅಂದರೆ ಬರೆ. ಕಬ್ಬಿಣದ ಸಣ್ಣ ಸರಳು ಕಾಯಿಸಿ ಮುಂಗೈಗೆ ಎಳೆಯುವುದು. ನಮ್ಮಪ್ಪನಿಗೆ ಎಳೆದಿದ್ದರು, ಅಪ್ಪನ ತಮ್ಮನಿಗೆ ಎಳೆದಿದ್ದರು. ಗುಣವಾದವರೆಲ್ಲ ಗುರುತು ತೋರಿಸುತ್ತಾರೆ. ಗುಣವಾಗದವರು ತೋರಿಸಲು ಉಳಿಯುವುದಿಲ್ಲ. ಅವ್ವ ಒಂದು ರವಿವಾರ ಬೆಳಿಗ್ಗೆ ಬಸ್ಸಿಳಿದು ಬಂದಳು. ಸೀರೆಯ ಗಂಟಿನೊಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿದ ಸರಳು ಇತ್ತು.

ಊಟವಾದ ಮೇಲೆ ನಾನು ಗೋಡೆಗೆ ಒರಗಿ ಕುಳಿತಿದ್ದೆ. ಹಿಂದಿನ ದಿನದ ಡಯಾಲಿಸಿಸ್ಸಿನ ದಣಿವು ಇನ್ನೂ ಇತ್ತು. ಸಿದ್ದು ಬಂದು ಬಗಲಿಗೆ ಕುಳಿತ. ಅವನು ನನ್ನ ಹೆಗಲ ಸುತ್ತ ತೋಳು ಹಾಕಿದಾಗ ಪ್ರೀತಿಯಿಂದ ಅಂತ ತಿಳಿದೆ. ತೋಳು ಬಿಗಿಯಾಯಿತು.

"ಅಣ್ಣಾ, ಸ್ವಲ್ಪ ತಡಕೋ. ಒಂದ ಎಳಿ ಅಷ್ಟ. ನಿನ್ನ ರಕ್ತ ಶುದ್ಧ ಆದ್ರ ಗೌರಿ ಬಾಯಿ ಮುಚ್ಚತಾಳ."

ಅವ್ವ ಗ್ಯಾಸಿನ ಒಲೆಯಿಂದ ಸರಳು ತೆಗೆದುಕೊಂಡು ಬಂದಳು. ಕಬ್ಬಿಣದ ಬಣ್ಣ ನೋಡಿ ಕಾವು ಹೇಳುವುದು ನನ್ನ ಕಸುಬು. ಅದು ಬರೇ ಕೆಂಪಗಿರಲಿಲ್ಲ, ಕೇಸರಿಗೆ ತಿರುಗಿತ್ತು. ಅವಳ ಕಣ್ಣು ನನ್ನ ಎಡಗೈಯ ಮೇಲೆ ಇತ್ತು. ಕಾಮಣಿಗೆ ಬರೆ ಎಡಗೈಗೇ.

"ಯವ್ವಾ, ಎಡಗೈ ಬ್ಯಾಡ" ಅಂದೆ. "ಸಿದ್ದ್ಯಾ, ಬಿಡು."

ಸಿದ್ದು ನನ್ನ ಮೊಣಕೈ ಹಿಡಿದು ನೆಲಕ್ಕೆ ಒತ್ತಿದ. ಹ್ಯಾಮರ್ ಮೇಲೆ ದುಡಿದವನ ತೂಕ ಅದು. ಸರಳು ಒಂದು ಗೇಣು ದೂರಕ್ಕೆ ಬಂತು, ಕೂದಲು ಸುಟ್ಟ ವಾಸನೆ ಬಂತು. ನಾನು ತಲೆಯಿಂದ ಅವನ ಬಾಯಿಗೆ ಗುದ್ದಿದೆ. ಹಲ್ಲು ತುಟಿಯೊಳಗೆ ಇಳಿಯಿತು. ಅವನು ಬಿಡಲಿಲ್ಲ. ಇನ್ನೊಮ್ಮೆ ಗುದ್ದಿದೆ. ಬಲಗೈ ಬಿಡಿಸಿಕೊಂಡು ಅವ್ವನ ಕೈಯ ಸರಳಿನ ಹಿಡಿಕೆಗೆ ಕೈ ಹಾಕಿ ತಿರುವಿದೆ. ಸರಳು ಸಿದ್ದುನ ಮುಂಗೈಗೆ ಅಡ್ಡಲಾಗಿ ಕೂತಿತು. ಅವನು ಕೂಗಲಿಲ್ಲ, ಹಲ್ಲು ಕಚ್ಚಿದ. ಚರ್ಮ ಸರಳಿಗೆ ಅಂಟಿಕೊಂಡಿತು. ನಾನು ಅವನ ಎದೆಗೆ ಒದ್ದೆ, ಅವನು ನನ್ನ ಕುತ್ತಿಗೆ ಹಿಡಿದ, ಇಬ್ಬರೂ ಹಿಟ್ಟಿನ ಡಬ್ಬಿ ಕೆಡವಿಕೊಂಡು ಉರುಳಿದೆವು. ಜೋಳದ ಹಿಟ್ಟಿನಲ್ಲಿ ರಕ್ತ. ಗೌರಿ ನನ್ನ ಬೆನ್ನ ಮೇಲೆ ಲಟ್ಟಣಿಗೆಯಿಂದ ಬಾರಿಸುತ್ತಿದ್ದಳು. ಬಾರಿಸಿದ್ದು ಸರಿಯಾಗಿಯೇ ಇತ್ತು.

ಸುವರ್ಣಾ ಒಂದು ಕೊಡ ನೀರು ತಂದು ಎಲ್ಲರ ಮೇಲೆ ಸುರಿದಳು. ಸರಳು ಚುಂಯ್ ಅಂದಿತು. ಅವಳು ಅವ್ವನ ಕೈ ಹಿಡಿದು ಎಳೆದು ತಂದು, ನನ್ನ ಎಡಗೈಯ ಹೊಲಿಗೆಯ ಮೇಲೆ ಆ ಬೆರಳುಗಳನ್ನು ಇಟ್ಟು ಒತ್ತಿ ಹಿಡಿದಳು.

"ತಿಳೀತೇನ್ರಿ ಅತ್ತೀ?"

ಅವ್ವ ಕೈ ಕಿತ್ತುಕೊಳ್ಳಲು ನೋಡಿದಳು. ಆಮೇಲೆ ಸುಮ್ಮನಾದಳು. "ಒಳಗ ಏನೋ ಗುಂಯ್ ಅಂತದ."

"ಅವರ ಜೀವ ಅದ. ಆ ಕೈ ಸುಟ್ಟು ಅದು ಬಂದಾದ್ರ ನಾಳಿ ಸೂಜಿ ಚುಚ್ಚಾಕ ಜಾಗಾ ಇಲ್ಲ. ಇನ್ನ ಯಾರರ ಎಡಗೈಗೆ ಕೈ ಹಚ್ಚಿದ್ರ ನಾ ಸುಮ್ನ ಇರಂಗಿಲ್ಲ. ದೊಡ್ಡವರು ಸಣ್ಣವರು ನೋಡಂಗಿಲ್ಲ."

ಅವ್ವ ಬೆರಳು ತೆಗೆಯದೆ ಭಾಳ ಹೊತ್ತು ಹಾಗೇ ಕುಳಿತಳು. ಮರುದಿನ ಊರಿಗೆ ಹೋಗುವಾಗ ಸರಳು ಬಿಟ್ಟು ಹೋದಳು.

ಸಿದ್ದುನ ತುಟಿಗೆ ಹೊಲಿಗೆ ಬಿದ್ದವು. ಮುಂಗೈ ಕೀವು ಹಿಡಿದು ಭಾಳ ದಿನ ಕಾಡಿತು. ಅವನು ನನ್ನ ಜೊತೆ ಮಾತು ಬಿಟ್ಟ. ನಾನೂ ಬಿಟ್ಟೆ. ಒಂದೇ ಅಡುಗೆಮನೆಯಲ್ಲಿ ಮಾತಿಲ್ಲದೆ ಉಣ್ಣುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಉಪ್ಪು ಬೇಕಾದರೂ ಹೆಂಡತಿಯರ ಮುಖಾಂತರ. ನಾನು ದಿನಾ ಮಾತ್ರೆ ನುಂಗಿದೆ. ದೊಡ್ಡ ತೊಂದರೆ ಕೊಡದ ಮಾತ್ರೆ ಅದು, ಸ್ವಲ್ಪ ತಲೆನೋವು, ಸ್ವಲ್ಪ ನಿದ್ದೆಗೇಡು. ಇಷ್ಟು ಸಣ್ಣದು ಅಷ್ಟು ದೊಡ್ಡ ವೈರಿಯನ್ನು ಹೊಡೆಯುತ್ತದೆ ಅಂತ ನಂಬಲು ನನಗೆ ಆಗಲಿಲ್ಲ. ಸದ್ದಿಲ್ಲದೆ ಆಗುವ ಕೆಲಸ ನಾನು ನೋಡಿದವನಲ್ಲ.

ಒಂದು ದಿನ ಹೋದರೆ ಜಾಧವ ಕಾಕಾನ ಮಂಚ ಖಾಲಿ. ನಾನು ಬಾಗಿಲಲ್ಲೇ ನಿಂತೆ. ಸಿಸ್ಟರ್ ನಕ್ಕು ದೊಡ್ಡ ಹಾಲಿನ ಕಡೆ ಬೆರಳು ತೋರಿಸಿದಳು. ಅವರ ರಕ್ತದಲ್ಲಿ ವೈರಸ್ ಹೋಗಿತ್ತು, ಎಲ್ಲರ ನಡುವೆ ಮಲಗಿದ್ದರು. ನನ್ನನ್ನು ಕಂಡು ಕೈ ಎತ್ತಿ, "ಪುಢಚಂ ಸೀಟ ಮಿಳಾಲಂ" ಅಂದರು. ಮುಂದಿನ ಸೀಟು ಸಿಕ್ಕಿತು ಅಂತ. ಅವರ ವಯಸ್ಸಿಗೆ, ಹೃದಯಕ್ಕೆ ಕಸಿ ಆಗುವಂತಿರಲಿಲ್ಲ. ಆದರೂ ಆ ಮುಖದ ಮೇಲೆ ಗೆದ್ದವನ ಕಳೆ ಇತ್ತು.

ನನ್ನದೂ ಹೋಯಿತು. ಔಷಧ ಮುಗಿದ ಮೇಲೆ ಒಮ್ಮೆ, ಕಾದು ಮತ್ತೊಮ್ಮೆ ನೋಡಿದರು. ಇಲ್ಲ ಅಂತ ಬಂತು. ಮೇಡಮ್ ಕನ್ನಡಕ ತೆಗೆಯದೆ ಹೇಳಿದರು: "ಇನ್ನು ತಮ್ಮನನ್ನು ಕರೆತನ್ನಿ. ಮಂಗಳವಾರ ಸಮಿತಿ."

ಕಿಡ್ನಿ ಕೊಡುವವನು ಮನಸ್ಸಿನಿಂದ ಕೊಡುತ್ತಾನೋ, ಬೆದರಿಕೆಗೆ ಕೊಡುತ್ತಾನೋ ಅಂತ ಆಸ್ಪತ್ರೆಯ ಸಮಿತಿ ವಿಚಾರಿಸುತ್ತದೆ. ಹೆಂಡತಿಯನ್ನೂ ಕೇಳುತ್ತಾರೆ. ಅವರು ಬೇಡ ಅಂದರೆ ಮುಗಿಯಿತು. ನಾನು ತುಟಿ ಒಡೆದ ತಮ್ಮನ ಹತ್ತಿರ ಹೋಗಿ ಕಿಡ್ನಿ ಕೇಳಬೇಕು. ಹುಟ್ಟಿದಾಗಿನಿಂದ ಯಾರ ಮುಂದೂ ಕೈ ಒಡ್ಡಿದವನಲ್ಲ ನಾನು.

"ಹೋಗ್ರಿ" ಅಂದಳು ಸುವರ್ಣಾ. "ಕೇಳಿದ್ರ ನಾಲಿಗಿ ಏನ ಸವದು ಹೋಗಂಗಿಲ್ಲ."

ಚಾಕಣಕ್ಕೆ ಹೋಗಿ ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತೆ. ಸಿದ್ದು ಹೊರಗೆ ಬಂದು ನನ್ನನ್ನು ನೋಡಿದ. ಟಿಫಿನ್ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಸಮಿತಿಯ ಸುದ್ದಿ ಗೌರಿಯ ಮುಖಾಂತರ ಅವನಿಗೆ ಮೊದಲೇ ತಲುಪಿತ್ತು.

"ನಿನ್ನ ಜಾಗಾಕ್ಕ ಬಂದವಗ ತುಂಡ ತಿರುವಾಕ ಬರೂದಿಲ್ಲ" ಅಂದ ಅವನು. "ಕಾಲ ಒತ್ತಾಕ ಅಂಜಿಕಿ ಬರತದ ನನಗ. ಮಂಗಳವಾರ ಎಷ್ಟಕ್ಕ?"

"ಹತ್ತಕ್ಕ."

"ಆಧಾರ್ ಕಾರ್ಡ ಬೇಕಾಕ್ಕತೇನು?"

"ಹೂಂ."

ಮಂಗಳವಾರ ಮೇಜಿನ ಆಚೆ ಮೂವರು, ಪಕ್ಕದಲ್ಲಿ ಒಂದು ಕ್ಯಾಮೆರಾ. ಸಹಿ ಮಾಡಲು ಸಿದ್ದು ಅಂಗಿಯ ತೋಳು ಮೇಲೇರಿಸಿದ. ಸಮಿತಿಯ ಹೆಣ್ಣುಮಗಳೊಬ್ಬರು ಬರೆಯುವುದನ್ನು ನಿಲ್ಲಿಸಿ ಅವನ ಮುಂಗೈಯನ್ನೇ ನೋಡಿದರು. ಅಡ್ಡಕ್ಕೆ ಎಳೆದ ಬರೆ, ಇನ್ನೂ ಗುಲಾಬಿ ಬಣ್ಣ. ಆಮೇಲೆ ಅವನ ತುಟಿಯ ಗಾಯದ ಗೆರೆ.

"ಹೇ ಕುಣೀ ಕೇಲಂ?" ಇದನ್ನು ಯಾರು ಮಾಡಿದರು ಅಂತ ಕೇಳಿದರು.

ಭಟ್ಟಿಯಲ್ಲಿ ಆಯಿತು ಅಂತ ಅವನು ಹೇಳಬಹುದಿತ್ತು. ಚಾಕಣದಲ್ಲಿ ಎಲ್ಲರ ಕೈಯಲ್ಲೂ ಸುಟ್ಟ ಗಾಯ ಇರುತ್ತವೆ. ಸಿದ್ದುಗೆ ಸುಳ್ಳು ಬರುವುದಿಲ್ಲ.

"ಅಣ್ಣ" ಅಂದ, ನನ್ನ ಕಡೆ ಬೆರಳು ತೋರಿಸಿ. "ತುಟೀನೂ ಅವನ ಒಡದದ್ದು."

ನಡುವೆ ಕುಳಿತ ದೊಡ್ಡ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಸಿದ್ದು ತನ್ನ ಹರಕು ಮರಾಠಿಯಲ್ಲಿ ಅವಸರವಿಲ್ಲದೆ ಎಲ್ಲ ಹೇಳಿದ. ಅವ್ವನ ಸರಳು, ಕಾಮಣಿ, ತಾನು ಹಿಡಿದುಕೊಂಡದ್ದು. "ನನ್ನ ಕಿಡ್ನಿ ಕಸಗೊಳ್ಳಾಕ ಹೊಡದಿಲ್ರಿ. ತನ್ನ ಕೈ ಉಳಿಸಿಕೊಳ್ಳಾಕ ಹೊಡದಾನ. ಅಷ್ಟ ವರ್ಷ ಇವನ ಕೈ ನನ್ನ ಕಾಲಿನ ಬುಡಕ ಇತ್ತು, ನಾ ಕಾಯ್ದೀನಿ. ಆವತ್ತ ನಾನ ಆ ಕೈ ಸುಡಾಕ ಹೋಗಿದ್ದೆ." ಕೊನೆಯದನ್ನು ಕನ್ನಡದಲ್ಲೇ ಹೇಳಿಬಿಟ್ಟ. ಒಬ್ಬರಿಗೂ ತಿಳಿಯಲಿಲ್ಲ. ಮತ್ತೆ ಮರಾಠಿಯಲ್ಲಿ ಹೇಳಬೇಕಾಯಿತು.

ಅವರು ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಗೌರಿಯನ್ನು ಒಬ್ಬಳನ್ನೇ ಒಳಗೆ ಕರೆದರು. ಬಾಗಿಲು ಮುಚ್ಚಿತು.

ಆ ಬೆಂಚಿನ ಮೇಲೆ ಕುಳಿತಾಗ ನನಗೆ ತಾಟು ನೆನಪಾಯಿತು, ಸ್ಕೂಟರಿನ ಸೈರನ್ ನೆನಪಾಯಿತು. ಇವನು ಹೊಡೆಯುವವನು ಅಂತ ಅವಳು ಒಂದೇ ಮಾತು ಹೇಳಿದರೆ ಸಾಕಿತ್ತು, ಅದೂ ಸುಳ್ಳಾಗಿರುತ್ತಿರಲಿಲ್ಲ. ಸಿದ್ದು ನನ್ನ ಬಗಲಿಗೆ ಕುಳಿತು ಮುಂಗೈಯ ಬರೆ ಕೆರೆದುಕೊಳ್ಳುತ್ತಿದ್ದ. ಸುವರ್ಣಾ ಎದ್ದು ನಿಂತೇ ಇದ್ದಳು.

ಗೌರಿ ಹೊರಗೆ ಬಂದಳು. ನೆಟ್ಟಗೆ ನನ್ನ ಮುಂದೆ ಬಂದು ನಿಂತಳು.

"ನೀವು ಎಂಥಾ ಮನುಷ್ಯಾರು ಅಂತ ಎಲ್ಲಾ ಹೇಳೀನಿ ಭಾವಾರ. ತಾಟ ಒಗದದ್ದೂ ಹೇಳೀನಿ. ನಾ ಲಟ್ಟಣಿಗಿಲೆ ಹೊಡದದ್ದೂ ಹೇಳೀನಿ."

ನಾನು ತಲೆ ಎತ್ತಲಿಲ್ಲ.

"ಆ ಕೆಟ್ಟ ರಕ್ತ ಈಗ ಖರೇನ ಇಲ್ಲೇನು ಅಂತ ಕೇಳಿದೆ. ಇಲ್ಲ ಅಂದ್ರು. ಎರಡ ಸಲ ಕೇಳಿದೆ. ಆಮ್ಯಾಲ ಸಹಿ ಮಾಡೀನಿ." ಅವಳು ಸೆರಗು ಬಿಗಿದಳು. "ಇನ್ನೊಮ್ಮೆ ನನ್ನ ಗಂಡನ ಮೈಮ್ಯಾಲ ಕೈ ಮಾಡಿದ್ರ, ಈಳಿಗಿ ತಗೊಂಡು ಬಂದು ನಮ್ಮ ಕಿಡ್ನಿ ನಾವು ವಾಪಸ್ ತಗೋತೀವಿ. ಕ್ಯಾಮೆರಾದ ಮುಂದನೂ ಇದನ್ನ ಹೇಳೀನಿ."

ಸಮಿತಿಯವರು ಇನ್ನೊಮ್ಮೆ ನನ್ನನ್ನು ಒಳಗೆ ಕರೆದು ಭಾಳ ಬೈದರು. ಆಮೇಲೆ ಒಪ್ಪಿದರು.

ಆಪರೇಷನ್ನಿನ ನೋವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಎಚ್ಚರವಾದಾಗ ಹೊಟ್ಟೆಯನ್ನು ಕಾದ ಇಕ್ಕಳದಲ್ಲಿ ಹಿಡಿದಂತಿತ್ತು. ಸಿಸ್ಟರ್ ಮಂಚದ ಕೆಳಗಿನ ಚೀಲ ತೋರಿಸಿದಳು, ಮೂತ್ರ ಬರುತ್ತಿತ್ತು. ಎಷ್ಟೋ ದಿನದಿಂದ ಕಾಣದ್ದು. ಎರಡು ದಿನದ ಮೇಲೆ ಸಿದ್ದು ಹೊಟ್ಟೆ ಹಿಡಿದುಕೊಂಡು ಗಾಜಿನ ಆಚೆ ಬಂದು ನಿಂತು ಫೋನ್ ಹಚ್ಚಿದ.

"ನನ್ನದು ದುಡ್ಯಾಕತ್ತದೇನು?"

"ದುಡ್ಯಾಕತ್ತದ."

"ನನ್ನಲ್ಲಿ ಸುಮ್ನ ಕುಂತಿತ್ತು ನೋಡು. ನಿನ್ನ ಕೈಯಾಗ ಸಿಕ್ಕು ಕೆಲಸ ಕಲೀತು." ನಕ್ಕರೆ ಹೊಲಿಗೆ ನೋಯುತ್ತದೆ ಅಂತ ಇಬ್ಬರೂ ನಗಲಿಲ್ಲ.

ನಿಮ್ಮ ರಿಪೋರ್ಟಿನಲ್ಲೂ ಸಿ ಪಾಸಿಟಿವ್ ಅಂತ ಬಂದು, ಕಾರಿಡಾರಿನ ತುದಿಯ ಕೋಣೆಗೆ ನಿಮ್ಮನ್ನು ಕಳಿಸಿದ್ದರೆ, ಅಲ್ಲಿ ನನಗಿಂತ ಮೊದಲು ಮಲಗಿದವರಿದ್ದರು, ನನ್ನ ನಂತರವೂ ಇದ್ದಾರೆ. ಎದ್ದು ಬಂದವರೂ ಇದ್ದೇವೆ. ಗ್ಲೌಸ್ ಬದಲಿಸಿರಿ ಅಂತ ಕೇಳಲು ನಾಚಬೇಡಿ. ಬರೆಯ ಸರಳು ಹಿಡಿದು ಬಂದವರು ನಿಮ್ಮವರೇ ಆಗಿದ್ದರೆ, ಹೊಡೆಯುವ ಮೊದಲು ಅವರ ಬೆರಳು ಹಿಡಿದು ಆ ಗುಂಯ್ ಮೇಲೆ ಇಡಿರಿ. ನಾನು ಆ ಕ್ರಮ ಹಿಂದುಮುಂದು ಮಾಡಿದೆ.

ಹ್ಯಾಮರ್ ಮೇಲೆ ಈಗ ನಾನಿಲ್ಲ, ಸಿದ್ದುನೂ ಇಲ್ಲ. ಅವನು ಭಟ್ಟಿಯ ಮೇಲ್ವಿಚಾರಣೆಗೆ, ನಾನು ತಪಾಸಣೆಯ ಮೇಜಿಗೆ. ಬೇರೆಯವರು ಹೊಡೆದ ರಾಡುಗಳನ್ನು ಅಳೆದು, ಸೀಳಿದ್ದನ್ನು ಬದಿಗೆ ಎಸೆಯುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಕಿಡ್ನಿ ಮೂರು, ಹಳೆಯವೆರಡನ್ನು ತೆಗೆದಿಲ್ಲ, ದುಡಿಯುವುದು ಒಂದು. ಗುಂಯ್ ಅನ್ನುವ ಎಡಗೈ ಒಂದು. ಹುಬ್ಬಿನ ಮೇಲೆ ಗಾಯದ ಗೆರೆ ಒಂದು, ಹೊಟ್ಟೆಯ ಮೇಲೆ ಒಂದು. ರಕ್ತದಲ್ಲಿ ಆ ವೈರಸ್, ಸೊನ್ನೆ. ಅವ್ವನ ಸರಳು ಒಂದು, ತಣ್ಣಗಿದೆ. ಊಟದ ತಾಟು ನಾಲ್ಕು, ಒಂದರ ಹಿಂದೆ ಮೊಳೆಯ ಗೀರು ಇದೆ, ಯಾರ ಕೈಗೆ ಸಿಕ್ಕರೆ ಅವರು ಅದರಲ್ಲಿ ಉಣ್ಣುತ್ತಾರೆ. ಹೆಂಡತಿ ಒಬ್ಬಳು. ಅವ್ವ ಒಬ್ಬಳು. ಬೈಯುವ ನಾದಿನಿ ಒಬ್ಬಳು. ತಮ್ಮ ಒಬ್ಬ.